ಆ ತೀರದ ಹೆಸರೇನು?

2010ನೇ ಇಸವಿ ಜನವರಿ 12, ಮಂಗಳವಾರ ಸಂಜೆ. ಐದು ಗಂಟೆಯಾಗಲು ಇನ್ನು ಕೆಲವೇ ನಿಮಿಷಗಳಿದ್ದಾಗ ಹೈಟಿ ದೇಶದ ರಾಜಧಾನಿ ಪೋರ್ಟೊಪ್ರಿನ್ಸ್ ನಗರದ ಸಮೀಪ ಭೂಮಿ ನಡುಗಿತು. ರಾಷ್ಟ್ರಾಧ್ಯಕ್ಷರ ಭವನ ಕುಸಿಯಿತು, ಪ್ರಧಾನಾಲಯ ಕುಸಿಯಿತು, ಶಾಲೆ ಆಸ್ಪತ್ರೆಗಳು ಕುಸಿದವು, ಗುಡ್ಡದ ಮೇಲೆ ಒಂದಕ್ಕೊಂದು ಅಂಟಿಕೊಂಡಿದ್ದ ಬಡವರ ಸಿಮೆಂಟು ಗೂಡುಗಳು ಕುಸಿದವು. ಸತ್ತವರ ಲೆಕ್ಕವನ್ನು ಒಂದು ಲಕ್ಷದಿಂದ ಮೂರು ಲಕ್ಷಕ್ಕೂ ಮೇಲೆ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಅಲ್ಲಿಯ ಮಹಾಧರ್ಮಾಧ್ಯಕ್ಷ ಜೋಸೆಫ್ ಸೆರ್ಜ್ ಮಿಯೋ ಅವರೂ ಸತ್ತವರಲ್ಲಿ ಒಬ್ಬರು.

ಇದಾಗಿ ಮೂರನೆಯ ದಿನ, ಶುಕ್ರವಾರ, ಅದೇ ದೇಶದ ಉತ್ತರ ತೀರಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಒಂದು ವಿಹಾರ ನೌಕೆ ಬಂದು ನಿಂತಿತು. ರಾಯಲ್ ಕೆರಿಬಿಯನ್ ಕಂಪನಿಯ ‘ಇಂಡಿಪೆಂಡೆನ್ಸ್ ಆಫ್ ದಿ ಸೀಸ್’ ಅದರ ಹೆಸರು. ನಿಂತ ಜಾಗದ ಹೆಸರು ಲಬಾಡಿ. ಭೂಕಂಪದ ಜಾಗಕ್ಕೂ ಅಲ್ಲಿಗೂ ಸುಮಾರು 130 ಕಿಲೋಮೀಟರು. ಮಂಗಳೂರಿನಿಂದ ಭಟ್ಕಳಕ್ಕೆ ಹೋದಷ್ಟು ದೂರ ಎನ್ನಿ. ಲಬಾಡಿಯಲ್ಲಿ ಏನೂ ಹಾನಿಯಾಗಿರಲಿಲ್ಲ. ಬಿಳಿ ಮರಳು, ನೀಲಿ ನೀರು, ತೆಂಗಿನ ನೆರಳಿನ ಉಯ್ಯಾಲೆ, ಇದ್ದಲಿನ ಮೇಲೆ ಸುಡುವ ಮಾಂಸ, ಸಂಗೀತ, ಎಲ್ಲವೂ ಎಂದಿನಂತೆಯೇ ಇದ್ದವು.

ಪ್ರಿಯ ಓದುಗರೇ, ಆ ಹಡಗಿನಲ್ಲಿ ನೀವಿದ್ದಿದ್ದರೆ ಇಳಿಯುತ್ತಿದ್ದಿರೋ, ಇಲ್ಲವೋ?

ಪ್ರಯಾಣಿಕರಲ್ಲಿಯೇ ಈ ಪ್ರಶ್ನೆ ಎದ್ದಿತು, ಪತ್ರಿಕೆಗಳಲ್ಲೂ ಬಂತು. ಅತ್ತ ಹೆಣಗಳು ಬೀದಿಯಲ್ಲಿ ಬಿದ್ದಿರುವಾಗ ಇತ್ತ ಕುಳಿತು ತಿಂದರೆ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಕೆಲವರು ಹಡಗಿನಲ್ಲಿಯೇ ಉಳಿದರು. ನಾವು ಇಳಿಯದಿದ್ದರೆ ಅಲ್ಲಿನವರಿಗೆ ಇರುವ ನಾಲ್ಕು ಕಾಸಿನ ಸಂಪಾದನೆಯೂ ಹೋಗುತ್ತದೆ, ದುಡಿಮೆ ತಪ್ಪಿಸಿ ಕನಿಕರ ತೋರಿಸುವುದು ಯಾವ ನ್ಯಾಯ ಎಂದು ಇನ್ನು ಕೆಲವರು ಇಳಿದರು. ಕಂಪನಿಯ ಉತ್ತರವೂ ಇದೇ ಧಾಟಿಯದು. ಹಡಗಿನಲ್ಲಿ ಅಕ್ಕಿ, ಬೀನ್ಸ್, ಹಾಲಿನ ಪುಡಿ, ನೀರು, ಡಬ್ಬಿ ಆಹಾರ ತಂದಿದ್ದರು. ಆ ನಿಲುಗಡೆಯ ಆದಾಯವನ್ನು ಪರಿಹಾರಕ್ಕೆ ಕೊಡುತ್ತೇವೆಂದರು. ಒಟ್ಟು ಹತ್ತು ಲಕ್ಷ ಡಾಲರಿನ ನೆರವನ್ನು ಘೋಷಿಸಿದರು. ಇದನ್ನೆಲ್ಲ ಬೂಟಾಟಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹಸಿದವನಿಗೆ ಅಕ್ಕಿ ತಂದವನ ಮನಸ್ಸಿನಲ್ಲಿ ಏನಿತ್ತೆಂದು ಹುಡುಕುವುದಕ್ಕಿಂತ ಅಕ್ಕಿ ಇಳಿಯಿತೇ ಎಂದು ನೋಡುವುದು ಒಳ್ಳೆಯದು. ಅಕ್ಕಿ ಇಳಿಯಿತು.

ಹಡಗು ಬಂದದ್ದು ಸರಿ ಎಂದೇ ನನ್ನ ಅಭಿಪ್ರಾಯ. ಮರದ ಗೊಂಬೆ ಮಾರುವ, ಉಯ್ಯಾಲೆ ಕಟ್ಟುವ, ದೋಣಿ ನಡೆಸುವ ನೂರಾರು ಜನ ಅಲ್ಲಿದ್ದಾರೆ. ರಾಜಧಾನಿಯಲ್ಲಿ ತಮ್ಮವರನ್ನು ಕಳೆದುಕೊಂಡವರೂ ಅವರಲ್ಲಿ ಇದ್ದಿರಲೇಬೇಕು. ಅಂಥವರಿಗೆ ಆ ವಾರದ ಕೂಲಿ ಬೇರೆಲ್ಲ ವಾರಗಳ ಕೂಲಿಗಿಂತ ಹೆಚ್ಚು ಬೇಕಾಗಿತ್ತು. ಹಡಗಿನಲ್ಲಿಯೇ ಉಳಿದವರ ಬಗ್ಗೆ ನನಗೆ ಗೌರವವಿದೆ, ಆದರೆ ಒಂದು ಸಣ್ಣ ಅನುಮಾನವೂ ಇದೆ. ಅವರು ಉಳಿದದ್ದರಿಂದ ಹೈಟಿಯವರಿಗೆ ಏನು ಸಿಕ್ಕಿತು? ಹಡಗಿನ ಮೇಲಿನ ಊಟದ ಮೇಜಿನಲ್ಲೂ ಅಂದು ಅದೇ ಮಾಂಸ, ಅದೇ ಹಣ್ಣು. ತೀರ ಕಣ್ಣಿಗೆ ಕಾಣಿಸದಷ್ಟು ದೂರದಲ್ಲಿ ತಿಂದರೆ ಗಂಟಲಲ್ಲಿ ಇಳಿಯುತ್ತದೆ ಎಂದರೆ, ಆ ಕನಿಕರ ಕಾಪಾಡಿದ್ದು ಯಾರನ್ನು?

ಹಾಗಾದರೆ ಆ ಹಡಗಿನವರಿಗೆ ಅಷ್ಟೊಂದು ಸಂಕಟ ಆದದ್ದೇಕೆ? ಇಳಿದವರಿಗೂ ಆಯಿತು, ಇಳಿಯದವರಿಗೂ ಆಯಿತು, ಸುದ್ದಿ ಓದಿದ ನಮಗೂ ಆಯಿತು. ನನಗೆ ತೋರುವುದಿಷ್ಟು: ಅಂದು ಅವರಿಗೆ ಗೊತ್ತಾದದ್ದು ಭೂಕಂಪವೊಂದೇ ಅಲ್ಲ. ತಾವು ಇಳಿಯುವ ಜಾಗ ಹೈಟಿ ಎಂಬುದೂ ಎಷ್ಟೋ ಜನರ ಮನಸ್ಸಿಗೆ ನಿಜವಾಗಿ ನಾಟಿದ್ದು ಅಂದೇ.

ಇದು ಅತಿಶಯೋಕ್ತಿಯಲ್ಲ. 1980ರ ದಶಕದ ನಡುವಿನಿಂದ ಈ ಕಂಪನಿ ಆ ತೀರವನ್ನು ಗೇಣಿಗೆ ಪಡೆದಿದೆ. ಬಹಳ ವರ್ಷ ಅದರ ಜಾಹೀರಾತುಗಳಲ್ಲಿ ಜಾಗದ ಹೆಸರು ‘ಲಬಾಡಿ, ಹಿಸ್ಪಾನಿಯೋಲಾ’ ಎಂದಿರುತ್ತಿತ್ತು. ಹಿಸ್ಪಾನಿಯೋಲಾ ಎಂಬುದು ಸುಳ್ಳಲ್ಲ. ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯ ಎರಡೂ ಇರುವ ದೊಡ್ಡ ದ್ವೀಪಕ್ಕೆ ಸ್ಪೇನಿನವರು ಇಟ್ಟ ಹಳೆಯ ಹೆಸರು ಅದು. ಸುಳ್ಳಲ್ಲದ ಹೆಸರಿನಿಂದಲೇ ಒಂದು ದೇಶವನ್ನು ಮರೆಮಾಚಿದ ಹಾಗಾಯಿತು, ಅಷ್ಟೆ. ಅದು ಕಂಪನಿಯದೇ ಆದ ಒಂದು ಪುಟ್ಟ ದ್ವೀಪ ಎಂದು ನಂಬಿ ಇಳಿದು, ಈಜಿ, ತಿಂದು, ಹತ್ತಿ ಹೋದವರು ಲೆಕ್ಕವಿಲ್ಲ. ಅದು ದ್ವೀಪವೂ ಅಲ್ಲ, ನೆಲಕ್ಕೆ ಅಂಟಿದ ಒಂದು ಮೂಗು. ನಡುವೆ ಬೇಲಿ ಇದೆ, ಬೇಲಿಗೆ ಕಾವಲು ಇದೆ. ಹಡಗಿನವರು ಬೇಲಿ ದಾಟಿ ಊರೊಳಕ್ಕೆ ಹೋಗುವಂತಿಲ್ಲ. ಅಪ್ಪಣೆಯಿಲ್ಲದೆ ಊರಿನವರು ಒಳಕ್ಕೆ ಬರುವಂತಿಲ್ಲ. ಊರಿನ ಹೆಸರಿನ ಫ್ರೆಂಚ್ ಕಾಗುಣಿತವನ್ನೂ ಅಮೆರಿಕದವರ ನಾಲಗೆಗೆ ಒಗ್ಗುವಂತೆ ತಿದ್ದಿದ್ದಾರೆ. (ಕನ್ನಡದಲ್ಲಿ ಬರೆದರೆ ಎರಡೂ ಲಬಾಡಿಯೇ. ನಮ್ಮ ಲಿಪಿ ಈ ವಿಷಯದಲ್ಲಿ ಪ್ರಾಮಾಣಿಕ.)

ಸಂತ ಪೌಲರ ಹಡಗು ಒಡೆದ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಹದಿನಾಲ್ಕು ದಿನ ಬಿರುಗಾಳಿಗೆ ಸಿಕ್ಕಿ, 276 ಜನ ಹಲಗೆ ತುಂಡು ಹಿಡಿದು, ಈಜಿ, ಒಂದು ಅಪರಿಚಿತ ದ್ವೀಪದ ದಡ ಸೇರುತ್ತಾರೆ. ಆ ಅಧ್ಯಾಯವನ್ನು ಸಂತ ಲೂಕರು ಹೇಗೆ ಆರಂಭಿಸುತ್ತಾರೆ ನೋಡಿ. ಬದುಕಿ ದಡ ಸೇರಿದ ಮೇಲೆ ತಿಳಿದುಕೊಂಡ ಮೊದಲ ಸಂಗತಿ ಎಂದು ಅವರು ಬರೆಯುವುದು ಆ ದ್ವೀಪದ ಹೆಸರನ್ನು: ಅದು ಮಾಲ್ಟ. ಆಮೇಲೆ ಮಳೆ, ಚಳಿ, ದ್ವೀಪದವರು ಹಚ್ಚಿದ ಬೆಂಕಿ, ಅವರ ಅಸಾಧಾರಣ ದಯೆ. ಆಮೇಲೆ ಮೂರು ದಿನ ಉಪಚರಿಸಿದ ಮನೆಯ ಯಜಮಾನ ಪುಬ್ಲಿಯನ ಹೆಸರು, ಅವನ ತಂದೆಗೆ ಬಂದಿದ್ದ ಜ್ವರ ಮತ್ತು ರಕ್ತಭೇದಿ. ತಂದೆಯ ಕಾಯಿಲೆ ಏನೆಂಬುದು ಕೂಡ ನೆನಪಿನಲ್ಲಿದೆ! ವೈದ್ಯರಾಗಿದ್ದ ಲೂಕರು ಅದನ್ನು ಮರೆಯದೆ ಬರೆದಿಟ್ಟದ್ದು ಸಹಜವೇ. ಪೌಲರು ಬೆಂಕಿಗೆ ತಾವೇ ಸೌದೆ ಆರಿಸಿ ಹಾಕುತ್ತಾರೆ, ರೋಗಿಯ ಹಾಸಿಗೆಯ ಬಳಿಗೆ ಹೋಗುತ್ತಾರೆ. ಮೂರು ತಿಂಗಳ ಮೇಲೆ ಹೊರಡುವಾಗ ದ್ವೀಪದವರೇ ಪ್ರಯಾಣಕ್ಕೆ ಬೇಕಾದುದನ್ನು ತುಂಬಿ ಕಳುಹಿಸುತ್ತಾರೆ. ಅತಿಥಿಯೆಂದರೆ ಯಾರು ಎಂಬುದಕ್ಕೆ ಇದಕ್ಕಿಂತ ದೊಡ್ಡ ವ್ಯಾಖ್ಯಾನ ನನಗೆ ಬೇಕಿಲ್ಲ.

ಲಬಾಡಿ ಇರುವ ಉತ್ತರ ತೀರದಲ್ಲಿಯೂ ಇಂಥದೇ ಒಂದು ಹಡಗು ಒಡೆದಿತ್ತು. 1492ರ ಕ್ರಿಸ್ಮಸ್ ಹಿಂದಿನ ರಾತ್ರಿ. ಕೊಲಂಬಸನ ‘ಸಾಂತಾ ಮರಿಯಾ’ ಮರಳದಿಣ್ಣೆಗೆ ಹತ್ತಿ ಕೂತಿತು. ಚುಕ್ಕಾಣಿ ಒಬ್ಬ ಹುಡುಗನ ಕೈಯಲ್ಲಿತ್ತು, ಉಳಿದವರು ಮಲಗಿದ್ದರು. ಆ ಸೀಮೆಯ ತಾಯಿನೋ ಜನರ ಒಡೆಯ ಗ್ವಾಕನಗಾರಿ ತನ್ನ ಜನರನ್ನೂ ದೋಣಿಗಳನ್ನೂ ಕಳುಹಿಸಿ ಹಡಗಿನ ಸಾಮಾನೆಲ್ಲ ಇಳಿಸಿಕೊಟ್ಟ; ಒಂದು ಸೂಜಿಯಷ್ಟೂ ಕಳೆಯದಂತೆ ಕಾವಲಿಟ್ಟ. ಇದನ್ನು ದಾಖಲೆ ಮಾಡಿದವನು ಕೊಲಂಬಸನೇ. ಒಡೆದ ಹಡಗಿನ ಮರದಿಂದ ಅಲ್ಲಿ ಒಂದು ಕೋಟೆ ಕಟ್ಟಿ, ಹಬ್ಬದ ನೆನಪಿಗೆ ‘ನವಿದಾದ್’ ಎಂದು ಹೆಸರಿಟ್ಟು, 39 ಜನರನ್ನು ಬಿಟ್ಟು ಅವನು ಹೊರಟ. ಅಂದರೆ ಕ್ರಿಸ್ತಜಯಂತಿಯ ಕೋಟೆ. ಮರುವರ್ಷ ಬಂದು ನೋಡಿದರೆ ಕೋಟೆ ಸುಟ್ಟು ಬೂದಿ. ಉಳಿದವರು ಊರ ಹೆಂಗಸರ ಮೇಲೂ ಚಿನ್ನದ ಮೇಲೂ ಕೈಹಾಕಿ ಪ್ರಾಣ ಕಳೆದುಕೊಂಡಿದ್ದರು. ಅದರ ನಂತರದ ಕೆಲವೇ ದಶಕಗಳಲ್ಲಿ ರೋಗದಿಂದಲೂ ಬಿಟ್ಟಿ ದುಡಿಮೆಯಿಂದಲೂ ತಾಯಿನೋ ಜನ ಬಹುಮಟ್ಟಿಗೆ ಅಳಿದೇ ಹೋದರು. ಎರಡು ಹಡಗು, ಎರಡು ದ್ವೀಪ, ಎರಡು ಕಡೆಯೂ ತೀರದವರ ಸತ್ಕಾರ ಒಂದೇ. ವ್ಯತ್ಯಾಸವಿದ್ದದ್ದು ಬಂದವರಲ್ಲಿ. ಕೊಲಂಬಸ್ ಆ ನಾಡಿನ ಹೆಸರನ್ನು ಕೇಳಲಿಲ್ಲವೆಂದಲ್ಲ, ಕೇಳಿದ. ಆದರೂ ತನ್ನದೇ ಹೆಸರನ್ನು ಇಟ್ಟ.

ಆಮೇಲೆಯೂ ಆ ತೀರಕ್ಕೆ ಹಡಗುಗಳು ಬಂದವು. ಆಫ್ರಿಕದಿಂದ ಗುಲಾಮರನ್ನು ತುಂಬಿಕೊಂಡು ಬಂದವು, ಸಕ್ಕರೆ ಮತ್ತು ಕಾಫಿ ತುಂಬಿಕೊಂಡು ಫ್ರಾನ್ಸಿಗೆ ಹೋದವು. 1791ರಲ್ಲಿ ಅದೇ ಉತ್ತರದ ಬಯಲಿನಲ್ಲಿ ಗುಲಾಮರು ಎದ್ದು ನಿಂತರು. 1804ರ ಜನವರಿ 1ರಂದು ಸ್ವತಂತ್ರರಾದರು. ಲೋಕದಲ್ಲಿ ಗುಲಾಮರೇ ಹೋರಾಡಿ ಕಟ್ಟಿಕೊಂಡ ದೇಶ ಅದು. ನಮ್ಮ ಶಾಲೆಯ ಚರಿತ್ರೆ ಪುಸ್ತಕದಲ್ಲಿ ಫ್ರೆಂಚ್ ಕ್ರಾಂತಿಗೆ ಒಂದು ಅಧ್ಯಾಯವಿತ್ತು, ಇದಕ್ಕೆ ಒಂದು ಸಾಲೂ ಇರಲಿಲ್ಲ. 1825ರಲ್ಲಿ ಫ್ರಾನ್ಸಿನ ದೊರೆ ಹತ್ತನೇ ಚಾರ್ಲ್ಸ್ ಯುದ್ಧನೌಕೆಗಳನ್ನು ಕಳುಹಿಸಿ, ಗುಲಾಮರನ್ನೂ ತೋಟಗಳನ್ನೂ ಕಳೆದುಕೊಂಡ ಒಡೆಯರಿಗೆ 15 ಕೋಟಿ ಫ್ರಾಂಕು ಪರಿಹಾರ ಕೊಡಬೇಕೆಂದ. ಮುಂದೆ ಅದನ್ನು 9 ಕೋಟಿಗೆ ಇಳಿಸಿದರು. ಕೊಡಲು ದುಡ್ಡಿಲ್ಲದೆ ಸಾಲ, ಸಾಲಕ್ಕೆ ಬಡ್ಡಿ. ಆ ಲೆಕ್ಕ ಚುಕ್ತಾ ಆದದ್ದು 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷ. ತಮ್ಮ ಮೈಯನ್ನೇ ತಾವು ಕಂತಿನಲ್ಲಿ ಕೊಂಡುಕೊಂಡ ಜನ. ಭೂಕಂಪದಲ್ಲಿ ಅಷ್ಟೊಂದು ಮನೆಗಳು ಇಸ್ಪೀಟೆಲೆಯಂತೆ ಬಿದ್ದದ್ದಕ್ಕೆ ಕಾರಣ ಭೂಮಿಯೊಂದೇ ಅಲ್ಲ. ಕಬ್ಬಿಣವಿಲ್ಲದ ಸಿಮೆಂಟಿನ ಹಿಂದೆ ಇಂಥ ಲೆಕ್ಕದ ಪುಸ್ತಕಗಳೂ ಇವೆ.

ಇದನ್ನೆಲ್ಲ ಓದಿಕೊಂಡ ಮೇಲೆಯೇ ಸಮುದ್ರಕ್ಕಿಳಿಯಬೇಕೇ, ಮನುಷ್ಯನಿಗೆ ಒಂದು ದಿನ ವಿರಾಮ ಬೇಡವೇ ಎಂದು ಯಾರಾದರೂ ಕೇಳಬಹುದು. ಸರಿಯಾದ ಪ್ರಶ್ನೆಯೇ. ಆ ಹಡಗಿನಲ್ಲಿದ್ದವರೆಲ್ಲ ಕುಬೇರರಲ್ಲ. ಹಲವು ವರ್ಷ ಕೂಡಿಟ್ಟು, ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆಂದು ಹೆಂಡತಿಯನ್ನು ಕರೆದುಕೊಂಡು ಬಂದ ಗುಮಾಸ್ತನೂ ಅಂಥ ಹಡಗಿನಲ್ಲಿರುತ್ತಾನೆ. ದಣಿದವನ ವಿಶ್ರಾಂತಿಯನ್ನು ಪಾಪವೆನ್ನುವ ಧರ್ಮ ನಮ್ಮದಲ್ಲ. ಊಟಕ್ಕೂ ಪುರುಸೊತ್ತಿಲ್ಲದೆ ದಣಿದಿದ್ದ ಶಿಷ್ಯರನ್ನು ಪ್ರಭು ಯೇಸುವೇ ದೋಣಿ ಹತ್ತಿಸಿ ಏಕಾಂತದ ಸ್ಥಳಕ್ಕೆ ಕರೆದುಕೊಂಡು ಹೋದರೆಂದು ಸಂತ ಮಾರ್ಕರ ಶುಭಸಂದೇಶದಲ್ಲಿದೆ. ಆದರೆ ದೋಣಿ ದಡ ಮುಟ್ಟುವಾಗ ಅಲ್ಲಿ ಜನ ಆಗಲೇ ಬಂದು ನಿಂತಿದ್ದರು! ಕರೆ ತಂದವರಿಗೆ ಆ ಜನರನ್ನು ನೋಡಿ ಕರುಳು ಚುರುಕ್ಕೆಂದಿತು. ವಿಶ್ರಾಂತಿಯ ಯೋಜನೆ ಮುರಿಯಿತು. ಸಂಜೆಯ ಹೊತ್ತಿಗೆ ರೊಟ್ಟಿ ಎಷ್ಟಿದೆ ಎಂದು ಎಣಿಸುವುದಾಯಿತು. ತೀರದಲ್ಲಿ ಯಾವಾಗಲೂ ಯಾರಾದರೂ ಇರುತ್ತಾರೆ. ಬೇಲಿ ಹಾಕಿದಾಗ ಮಾತ್ರ ತೀರ ಖಾಲಿಯಾಗಿ ಕಾಣುತ್ತದೆ.

ಇಲ್ಲಿ ನನ್ನ ಮಾತಿಗೇ ಅಡ್ಡ ಬರುವ ಒಂದು ಸಂಗತಿಯನ್ನು ಹೇಳಬೇಕು. ಲಬಾಡಿಯ ಸುದ್ದಿ ಓದಿದವರಿಗೆ ಥಟ್ಟನೆ ನೆನಪಾಗುವುದು ಧನಿಕ ಮತ್ತು ಲಾಜರನ ಸಾಮತಿ. ಆ ಧನಿಕನಿಗೆ ಲಾಜರನ ಹೆಸರು ಗೊತ್ತಿತ್ತು. ಸತ್ತ ಮೇಲೆ, ನೀರಿಗಾಗಿ ಬಾಯಿಬಿಡುವಾಗ, ಹೆಸರು ಹಿಡಿದೇ ಅವನನ್ನು ಕಳುಹಿಸೆಂದು ಕೇಳುತ್ತಾನೆ. ಅಂದರೆ ಬಾಗಿಲ ಬಳಿ ಬಿದ್ದವನು ಯಾರೆಂದು ತಿಳಿದೂ ಅವನು ದಿನಾ ದಾಟಿ ಹೋಗಿದ್ದ. ಹೆಸರು ತಿಳಿದರೆ ಸಾಕು, ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಇದು ತಕ್ಕ ಉತ್ತರ. ಆದರೆ ನಮ್ಮ ಕಾಲದ ಚಮತ್ಕಾರ ಬೇರೆ. ಆ ಧನಿಕನಿಗೆ ದಾಟಿ ಹೋಗಲು ಸ್ವಲ್ಪವಾದರೂ ಕಲ್ಲುಮನಸ್ಸು ಬೇಕಿತ್ತು. ಈಗ ಅದೂ ಬೇಡ. ಟಿಕೆಟ್ಟಿನ ದರದಲ್ಲಿಯೇ ಬೇಲಿಯೂ ಬೇರೆ ಹೆಸರೂ ಸೇರಿರುತ್ತವೆ. ಮೃದು ಮನಸ್ಸಿನವನೂ ಲಾಜರನನ್ನು ನೋಡದೆ ಒಂದು ದಿನ ಕಳೆಯಬಹುದು.

‘ನಮ್ಮ ದುಡ್ಡಿನಿಂದ ಅವರಿಗೆ ಉಪಕಾರ’ ಎಂಬ ಮಾತು ನಿಜವಾಗಿದ್ದೂ ಕಿವಿಗೆ ಒರಟಾಗಿ ಕೇಳುವುದು ಇದಕ್ಕಾಗಿಯೇ. ಪ್ರವಾಸಿಗಳ ತಲೆಯೆಣಿಸಿ ಕಂಪನಿ ಸರ್ಕಾರಕ್ಕೆ ಸುಂಕ ಕಟ್ಟುತ್ತಿತ್ತು, ಸ್ಥಳೀಯರಿಗೆ ಕೆಲಸ ಕೊಡುತ್ತಿತ್ತು; ಹೈಟಿಗೆ ಬರುತ್ತಿದ್ದ ಪ್ರವಾಸಿ ಹಣದಲ್ಲಿ ಅದರದೇ ದೊಡ್ಡ ಪಾಲಾಗಿತ್ತು. ಒಪ್ಪಿದೆ. ಆದರೆ ಉಪಕಾರ ಮಾಡಿದವನಿಗೆ ಉಪಕಾರ ಪಡೆದವನ ಊರು ತಿಳಿಯದಿದ್ದರೆ ಅದನ್ನು ಉಪಕಾರ ಎನ್ನುವುದೇಕೆ? ವ್ಯಾಪಾರ ಎಂದರೆ ಸಾಕಲ್ಲ! ವ್ಯಾಪಾರದಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ವ್ಯಾಪಾರವನ್ನು ದಾನವೆಂದು ಕರೆದಾಗಲೇ ಬಾಯಿ ಕಹಿಯಾಗುವುದು.

ನಮ್ಮ ಕರಾವಳಿಯ ಓದುಗರಿಗೆ ಇದು ದೂರದ ಮಾತಲ್ಲ. ಪಣಂಬೂರಿನ ನವಮಂಗಳೂರು ಬಂದರಿಗೂ ಇಂಥ ನೌಕೆಗಳು ಬರುತ್ತವೆ. ಬೆಳಿಗ್ಗೆ ಇಳಿದವರನ್ನು ಬಸ್ಸಿನಲ್ಲಿ ಕೂರಿಸಿ ಸಂತ ಅಲೋಶಿಯಸ್ ಪ್ರಾರ್ಥನಾ ಮಂದಿರದಲ್ಲಿ ಸಹೋದರ ಮೊಸ್ಕೆನಿಯವರ ಚಿತ್ರಗಳನ್ನು ತೋರಿಸುತ್ತಾರೆ, ಕದ್ರಿಗೂ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೂ ಕರೆದೊಯ್ಯುತ್ತಾರೆ, ಗೇರುಬೀಜದ ಕಾರ್ಖಾನೆಯಲ್ಲಿ ಸಾಲಾಗಿ ಕುಳಿತು ಸಿಪ್ಪೆ ತೆಗೆಯುವ ಹೆಂಗಸರನ್ನು ತೋರಿಸುತ್ತಾರೆ. ಸಂಜೆಗೆ ಹಡಗು ಹೊರಡುತ್ತದೆ. ಆ ಹೆಂಗಸರು ತಲೆಯೆತ್ತಿ ನೋಡುವ ನೋಟವನ್ನು ಕಂಡವರಿಗೆ ಗೊತ್ತು: ಕೆಲವು ಪ್ರವಾಸಿಗಳು ಕ್ಯಾಮರಾ ಎತ್ತುವ ಮೊದಲು ಕೈಸನ್ನೆಯಿಂದಾದರೂ ಕೇಳುತ್ತಾರೆ, ಕೆಲವರು ಕೇಳುವುದಿಲ್ಲ. ಇಬ್ಬರೂ ಕೊಡುವ ದುಡ್ಡು ಒಂದೇ. ಒಳಗೆ ಕುಳಿತವಳಿಗೆ ಮಾತ್ರ ಅದು ಒಂದೇ ಅಲ್ಲ.

ಇನ್ನೊಂದು ಕಡೆಯಿಂದಲೂ ನಾವು ಆ ಹಡಗುಗಳ ಒಳಗಿದ್ದೇವೆ. ಮಂಗಳೂರು, ಉಡುಪಿ, ಗೋವೆಯ ಕಡೆಯ ಎಷ್ಟೋ ಮನೆಗಳ ಮಗ, ಅಳಿಯ, ಈಗೀಗ ಮಗಳೂ, ವಿಹಾರ ನೌಕೆಗಳ ಅಡುಗೆಮನೆಯಲ್ಲಿ, ಊಟದ ಸಾಲೆಯಲ್ಲಿ, ಕೋಣೆ ಗುಡಿಸುವಲ್ಲಿ ದುಡಿಯುತ್ತಿದ್ದಾರೆ. ಒಮ್ಮೆ ಹತ್ತಿದರೆ ಆರು ತಿಂಗಳು, ಎಂಟು ತಿಂಗಳು. ಧರ್ಮಕೇಂದ್ರದ ಹಬ್ಬಕ್ಕೆ ದುಡ್ಡು ಬರುತ್ತದೆ, ಅವರು ಬರುವುದಿಲ್ಲ. ಪ್ರವಾಸಿಗಳು ದ್ವೀಪಕ್ಕೆ ಇಳಿದ ಹೊತ್ತಿನಲ್ಲಿ ಹಡಗು ತೊಳೆಯುವವರು, ಪಾತ್ರೆ ಬೆಳಗುವವರು ಅವರು. ಬಿಡುವು ಸಿಕ್ಕವನು ತೀರಕ್ಕೆ ಓಡುವುದು ಮನೆಗೆ ಫೋನು ಮಾಡಲು. ಮರಳಿನ ಮೇಲೆ ಮಲಗಲು ಅವನಿಗೆ ಹೊತ್ತೆಲ್ಲಿ? ಆದ್ದರಿಂದ ‘ಹಡಗಿನವರು’, ‘ತೀರದವರು’ ಎಂದು ಎರಡು ಪಾಲು ಮಾಡಿ, ಒಂದನ್ನು ಬೈಯುತ್ತ ಕೂರುವುದು ನಮ್ಮಿಂದಾಗದು. ನಮ್ಮ ಮನೆಯ ಮಂಗಳೂರು ಹಂಚು ಎಷ್ಟೋ ಸಲ ಆ ಹಡಗಿನ ಸಂಬಳದಿಂದ ಬಂದದ್ದು.

ಲಬಾಡಿಯ ಜಗಳ ಪತ್ರಿಕೆಗಳಲ್ಲಿ ನಡೆಯುತ್ತಿದ್ದ ಆ ವಾರದಲ್ಲಿಯೇ ಹೈಟಿಯಲ್ಲಿ ಸತ್ತ ಇನ್ನೊಬ್ಬ ಅತಿಥಿಯ ಸುದ್ದಿ ಅಷ್ಟಾಗಿ ಚರ್ಚೆಯಾಗಲಿಲ್ಲ. ಬ್ರೆಜಿಲಿನ ಮಕ್ಕಳ ವೈದ್ಯೆ ಜಿಲ್ಡಾ ಆರ್ನ್ಸ್, ವಯಸ್ಸು 75. ಕಾರ್ಡಿನಲ್ ಪಾವ್ಲೊ ಎವರಿಸ್ತೊ ಆರ್ನ್ಸ್ ಅವರ ತಂಗಿ, ವಿಧವೆ, ಮಕ್ಕಳೊಂದಿಗೆ. 1983ರಲ್ಲಿ ಅವರು ಬ್ರೆಜಿಲಿನ ಧರ್ಮಸಭೆಯ ಆಶ್ರಯದಲ್ಲಿ ‘ಪಾಸ್ತೊರಾಲ್ ದ ಕ್ರಿಯಾನ್ಸ’ ಎಂಬ ಮಕ್ಕಳ ಸೇವೆಯನ್ನು ಆರಂಭಿಸಿದ್ದರು. ಅದರ ಕೆಲಸ ಬಲು ಸರಳ: ಊರಿನ ತಾಯಂದಿರಿಗೇ ತರಬೇತಿ ಕೊಟ್ಟು, ನೆರೆಯ ಮನೆಗಳಿಗೆ ಕಳುಹಿಸಿ, ಕೂಸನ್ನು ತೂಗುವುದು, ಭೇದಿಯಾದ ಮಗುವಿಗೆ ನೀರು ಉಪ್ಪು ಸಕ್ಕರೆ ಬೆರೆಸಿ ಕುಡಿಸುವುದು. ಆ ವಿದ್ಯೆಯನ್ನು ಹೈಟಿಗೂ ಮುಟ್ಟಿಸಲು ಕೆಲವು ದಿನಗಳಿಗೆಂದು ಬಂದಿದ್ದರು. ಜನವರಿ 12ರ ಸಂಜೆ ಚರ್ಚೊಂದರ ಕಟ್ಟಡದಲ್ಲಿ ಭಾಷಣ ಮುಗಿಸಿದ್ದರು, ಕಟ್ಟಡ ಬಿದ್ದಿತು. ಅವರೂ ಅಲ್ಲಿ ಕೆಲವೇ ದಿನಗಳ ಅತಿಥಿ. ಹಡಗಿನವರಂತೆ ಅವರೂ ವಾರ ಕಳೆದರೆ ಹೊರಟು ಹೋಗುವವರೇ ಆಗಿದ್ದರು. ಆದರೆ ತಾವು ಬಂದದ್ದು ಯಾರ ಮನೆಗೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎಲ್ಲರೂ ಜಿಲ್ಡಾ ಆರ್ನ್ಸ್ ಆಗಬೇಕೆಂದು ನಾನು ಕೇಳುವುದಿಲ್ಲ. ಕೇಳಿದರೆ ಮೊದಲು ನನಗೇ ಉತ್ತರ ಹೊಳೆಯದು. ಒಂದು ದಿನಕ್ಕೆ ಇಳಿಯುವವನಿಗೆ ಒಂದು ದಿನದ ಕರ್ತವ್ಯವಿದೆ, ಅಷ್ಟು ಸಾಕು. ಮಾರುವವಳ ಹೆಸರು ಕೇಳುವುದು. ಮೂರು ದಿನ ಕೂತು ಕೆತ್ತಿದ ಬೊಂಬೆಗೆ ಹಡಗು ಹೊರಡುವ ಗಡಿಬಿಡಿಯಲ್ಲಿ ಅರ್ಧ ಬೆಲೆ ಹೇಳದಿರುವುದು. ಬೇಲಿಯ ಆಚೆ ಏನಿದೆ ಎಂದು ಮಕ್ಕಳು ಕೇಳಿದರೆ ‘ಏನೂ ಇಲ್ಲ’ ಎನ್ನದಿರುವುದು. ಊರಿಗೆ ಮರಳಿದ ಮೇಲೆ ಫೋಟೋ ತೋರಿಸುವಾಗ, ಎಲ್ಲಿಗೆ ಹೋಗಿದ್ದಿರಿ ಎಂದರೆ, ಹಡಗಿನ ಹೆಸರಿನ ಬದಲು ದೇಶದ ಹೆಸರು ಹೇಳುವುದು.

ಈಗ ಆ ತೀರಕ್ಕೆ ಹೋಗುವ ಪ್ರಶ್ನೆಯೇ ಕಷ್ಟವಾಗಿದೆ. ಪೋರ್ಟೊಪ್ರಿನ್ಸ್‌ನಲ್ಲಿ ಶಸ್ತ್ರಧಾರಿ ಗುಂಪುಗಳ ಹಾವಳಿ ಮಿತಿಮೀರಿ, 2024ರಲ್ಲಿ ಕಂಪನಿ ಲಬಾಡಿಯ ನಿಲುಗಡೆಗಳನ್ನು ರದ್ದು ಮಾಡಿತು. ಅದೇ ವರ್ಷ ಮತ್ತೆ ಕೆಲವು ತಿಂಗಳು ನಡೆಸಿ, 2025ರ ಏಪ್ರಿಲಿನಲ್ಲಿ ಪುನಃ ನಿಲ್ಲಿಸಿತು. ಟಿಕೆಟ್ಟು ಕೊಂಡವರಿಗೆ ಬೇರೊಂದು ಬಂದರು ತೋರಿಸುತ್ತಾರೆ, ಇಲ್ಲವೇ ಆ ದಿನ ಸಮುದ್ರದಲ್ಲಿಯೇ ಕಳೆಯುತ್ತದೆ. ಗೊಂಬೆ ಕೆತ್ತುವವರಿಗೆ ಬೇರೊಂದು ಹಡಗಿಲ್ಲ. ಬೇಲಿ, 2009ರಲ್ಲಿ ದೊಡ್ಡ ನೌಕೆಗಳಿಗೆಂದು ಕಟ್ಟಿದ ಕಟ್ಟೆ, ತೆಂಗಿನ ಮರಗಳ ಉಯ್ಯಾಲೆ, ಎಲ್ಲ ಅಲ್ಲಿಯೇ ಇವೆ. ಪಕ್ಕದಲ್ಲಿ, ದೋಣಿಯಲ್ಲಿ ಹೋಗಬೇಕಾದ ದೂರದಲ್ಲಿ, ಅದೇ ಹೆಸರಿನ ಮೀನುಗಾರರ ಹಳ್ಳಿಯೊಂದಿದೆ. ಹಡಗಿನವರು ಆ ಹಳ್ಳಿಯನ್ನು ಕಟ್ಟೆಯ ಮೇಲೆ ನಿಂತೇ ನೋಡುತ್ತಿದ್ದರು.